ನೀರು ಕುಡಿಯದ ಬೂದಿ

ಆ ವರ್ಷ ಚಳಿಗೆ ಶಿವರಾತ್ರಿಯ ತನಕ ಕಾಯುವಷ್ಟು ತಾಳ್ಮೆಯೂ ಇರಲಿಲ್ಲ. ಹೇಳದೆ ಕೇಳದೆ ಮೊದಲೇ ಹೊರಟುಹೋಗಿತ್ತು. ಬೆಳಗಿನ ಎಳೆಬಿಸಿಲೇ ಬೆನ್ನಿಗೆ ಚುರುಗುಟ್ಟುತ್ತಿತ್ತು. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಳೇ ರಸ್ತೆಯಲ್ಲಿ, ಊರು ಇಲ್ಲಿಗೆ ಮುಗಿಯಿತು ಎಂದು ಒಂದು ಕಾಲಕ್ಕೆ ಹೇಳುತ್ತಿದ್ದ ಕಡೆ, ಮಂಡಕ್ಕಿ ಭಟ್ಟಿಗಳ ಒಂದು ಸಾಲು ಇದೆ. ಆ ಸಾಲಿನ ಕೊನೆಯ ಭಟ್ಟಿಯಲ್ಲಿ ಹಿದಾಯತ್ ಒಲೆಯ ಬಾಯಿಗೆ ಭತ್ತದ ಹೊಟ್ಟು ತಳ್ಳುತ್ತಿದ್ದ. ಅವನ ಹೆಂಡತಿ ಮಾಸೂಮಾ ತೋಳು ಮೇಲೆ ಸರಿಸಿಕೊಂಡು, ಅಕ್ಕಿಗೆ ಉಪ್ಪುನೀರು ಚಿಮುಕಿಸಿ ಕಲೆಸುತ್ತಿದ್ದಳು. ಸೊಸೆ ನುಜತ್ ಜರಡಿ ಹಿಡಿದಿದ್ದಳು. ಕಾದ ಮರಳಿಗೆ ಬಿದ್ದ ಅಕ್ಕಿ ಚಟಪಟ ಎಂದು ಉಬ್ಬಿ, ಕಣ್ಣುಮುಚ್ಚಿ ತೆರೆಯುವುದರೊಳಗೆ ಬಾಣಲೆ ತುಂಬ ಮಂಡಕ್ಕಿಯಾಗುತ್ತಿತ್ತು.

ಮಂಡಕ್ಕಿ ತಿನ್ನುವವರಿಗೆ ಬೂದಿಯ ಸುದ್ದಿ ಬೇಕಿಲ್ಲ. ಭಟ್ಟಿಯವರಿಗೆ ಮಾತ್ರ ಅದೂ ಒಂದು ಬಾಳು. ಹೊಟ್ಟಿನ ಬೂದಿ ಬಲು ಮೋಸದ್ದು. ಮೇಲೆ ಬೆಳ್ಳಗೆ, ತಣ್ಣಗೆ, ಹಿಂಜಿದ ಅರಳೆಯ ಹಾಗೆ ಕಾಣುತ್ತದೆ. ಒಳಗೆ ವಾರಗಟ್ಟಲೆ ಕೆಂಡ ಉಸಿರಾಡುತ್ತಿರುತ್ತದೆ. ಅದಕ್ಕೇ ಒಲೆಯಡಿಯಿಂದ ಎಳೆದ ಬೂದಿಯನ್ನು ಅಂಗಳದಲ್ಲಿ ಹರವಿ, ನೀರು ಕುಡಿಸಿ, ಸಲಿಕೆಯಿಂದ ಮಗುಚಿ, ಮತ್ತೊಮ್ಮೆ ಕುಡಿಸಬೇಕು. ಈ ಸಾಲಿನ ಮನೆಗಳಲ್ಲಿ ಹೊಸ ಸೊಸೆಗೆ ಉಪ್ಪಿನ ಹದ ಕಲಿಸುವುದಕ್ಕೆ ಮೊದಲು ಬೂದಿಯ ಹದ ಕಲಿಸುತ್ತಾರೆ. ಮಾಸೂಮಾ ಮದುವೆಯಾಗಿ ಬಂದ ವಾರವೇ ಅತ್ತೆ ದಿಲ್ಷಾದ್ ಬೇಗಂ ಕೈಗೆ ಸಲಿಕೆ ಕೊಟ್ಟು ಹೇಳಿದ್ದಳು: "ಎರಡು ಸಲ ಕುಡೀಬೇಕು, ಆಮೇಲೆ ಮನಿ ಬಿಡಬೇಕು. ಬಾಯಾರಿದ ಬೂದಿನ ಯಾರ ಹೊಲಕ್ಕೂ ಕಳಿಸಬ್ಯಾಡ."

ಕಳಿಸುತ್ತಿದ್ದದ್ದು ಮಾರಪ್ಪನ ಹೊಲಕ್ಕೆ. ಭಟ್ಟಿಯ ಹಿಂದೆ ಜೊಂಡಿನಕೆರೆ, ಕೆರೆಯ ಏರಿಯ ಕೆಳಗೆ ಮಾರಪ್ಪನ ಗದ್ದೆ, ಗದ್ದೆಯ ಮೂಲೆಯಲ್ಲಿ ಕಲ್ಲು ಕಟ್ಟಿದ ಬಾವಿ. ಹಿದಾಯತ್‌ನ ಬೋರು ಬತ್ತಿದ ಮೇಲೆ ಭತ್ತ ನೆನೆಹಾಕುವ ತೊಟ್ಟಿಗೆ ನೀರು ಬರುತ್ತಿದ್ದದ್ದು ಆ ಬಾವಿಯಿಂದ. ಅವನು ನೀರು ಬಿಡುತ್ತಿದ್ದ, ಇವರು ಬೂದಿ ಕೊಡುತ್ತಿದ್ದರು. ನಡುವೆ ರೂಪಾಯಿಯ ಮಾತು ಯಾವತ್ತೂ ಬಂದಿರಲಿಲ್ಲ.

ಆ ಬೆಳಿಗ್ಗೆ ಮಾರಪ್ಪ ಹಾಲಿನ ಕ್ಯಾನು ಕಟ್ಟಿದ ಟಿವಿಎಸ್ ನಿಲ್ಲಿಸಿ ಒಳಗೆ ಬಂದ.

"ಹಿದಾಯತಣ್ಣ, ಇನ್ನ ಮ್ಯಾಲೆ ದಿನಾ ನೀರು ಬಿಡಾಕ ಆಗಲ್ಲ ನೋಡು. ದಿನ ಬಿಟ್ಟು ದಿನ. ನಾ ಹುಟ್ಟಿದಾಗಿನಿಂದ ಕಾಣದ ಮೆಟ್ಟಿಲೆಲ್ಲಾ ಬಾವ್ಯಾಗ ಕಾಣಾಕ ಹತ್ಯಾವು."

"ಅಷ್ಟಾದ್ರೂ ಕೊಡ್ತೀಯಲ್ಲ ಮಾರಣ್ಣ, ಅದೇ ದೊಡ್ಡದು. ಕೂಡು, ಚಾ ಕುಡಿ."

"ಚಾ ಬ್ಯಾಡ. ಮಳಿ ಕೈಕೊಟ್ಟಿದ್ದು ಒಂದು ಕಡಿ, ಈ ಮಂದಿ ಕಾಟ ಒಂದು ಕಡಿ. ಕೆರಿ ಮ್ಯಾಲಿನ ಅಂಗಳಕ್ಕೆ ಯಾರ್ಯಾರೋ ಗಚ್ಚು, ಮಣ್ಣು, ಬೂದಿ ತಂದು ಸುರೀತಾರೆ. ಸರ್ವೇದೋರು ನೆಟ್ಟ ಕಲ್ಲೇ ಹೂತುಹೋಗೈತೆ. ಊರು ಬೆಳೆದು ಬೆಳೆದು ದಾವಣಗೆರೆಗೂ ಹರಿಹರಕ್ಕೂ ಬೀಗತನ ಆಗೋದೈತಂತೆ, ನಡುವೆ ನಮ್ಮ ಕೆರಿ ಅಡ್ಡ ಮಲಗೈತಂತೆ. ತಾಲೂಕಾಫೀಸಿಗೆ ಅರ್ಜಿ ಕೊಟ್ಟು ಬಂದೀನಿ." ಅವನು ಅಂಗಳದ ಕಡೆ ನೋಡಿದ. "ಹೌದು, ಈ ಸಲ ಬೂದಿನೇ ಬರ್ಲಿಲ್ಲಲ್ಲ ಮಾಸೂಮಕ್ಕ?"

ಮಾಸೂಮಾಳ ಕೈ ಅಕ್ಕಿಯಲ್ಲೇ ನಿಂತಿತು. ಟ್ರ್ಯಾಕ್ಟರಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದ ಮಗ ಮುಜಾಹಿದ್ ಅಲ್ಲಿಂದಲೇ ಹೇಳಿದ: "ಒಂದೇ ಒಲಿ ಹಚ್ಚೀವಿ ಕಾಕಾ. ಬೂದಿ ಎಲ್ಲಿಂದ ಬರ್ಬೇಕು?"

ಎರಡನೆಯ ಒಲೆ ಹಿಂದಿನ ಗೋಡೆಯಾಚೆ ಉರಿಯುತ್ತಿತ್ತು. ಮಾರಪ್ಪ ನಿಂತ ಜಾಗಕ್ಕೆ ಅದು ಕಾಣುತ್ತಿರಲಿಲ್ಲ.

"ಹೌದಾ? ಹೋಗ್ಲಿ ಬಿಡು," ಎಂದು ಅವನು ಹೊರಟ.

*

ಸಂಜೆ ಊಟಕ್ಕೆ ರೊಟ್ಟಿ, ಬದನೆಕಾಯಿ ಪಲ್ಯ. ಮಾಸೂಮಾ ಮಗನ ತಟ್ಟೆಗೆ ರೊಟ್ಟಿ ಹಾಕುತ್ತಾ ಕೇಳಿದಳು, "ಸುಳ್ಳು ಯಾಕ ಹೇಳ್ದಿ?"

"ನಿಜ ಹೇಳಿದ್ರೆ ನೀರು ಬಿಡ್ತಿದ್ನಾ ಅಮ್ಮಿ?"

"ನಮ್ಮ ಬೂದಿನೂ ಕೆರಿಗೇ ಹೋಗ್ತೈತಾ?"

"ಈ ಸಾಲಿಂದು ಎಲ್ಲಾರದ್ದೂ ಹೋಗ್ತೈತೆ. ಅಶ್ವಥ್ ಸಾರು ಲೇಔಟು ಮಾಡ್ತಾ ಅದಾರ. ಗುಂಡಿ ತುಂಬಾಕ ಬೂದಿ ಹಗುರ, ಗಚ್ಚು ಗಟ್ಟಿ. ಎರಡೂ ಸೇರಿದ್ರ ನೆಲ." ಅವನು ರೊಟ್ಟಿ ಮುರಿದ. ಹೇಳಲೋ ಬೇಡವೋ ಎಂಬಂತೆ ಹೆಂಡತಿಯ ಮುಖ ನೋಡಿದ. "ಟ್ರ್ಯಾಕ್ಟರ್ ಬಾಡಿಗಿ ದುಡ್ಡು ಬ್ಯಾಡ ಅಂದೀನಿ. ಅದರ ಬದ್ಲು ಒಂದು ಸೈಟು ಕೊಡ್ತಾರೆ. ಮೂವತ್ತು-ನಲವತ್ತು. ಕೆರಿ ದಂಡಿ ಬೇವಿನಮರದ ತನಕ ತುಂಬಿಕೊಟ್ರ ನಮ್ಮ ಹೆಸರಿಗೆ."

ನುಜತ್ ಮೊದಲೇ ತಿಳಿದವಳು. ಆದರೂ ಅತ್ತೆ-ಮಾವನ ಮುಂದೆ ಆ ಮಾತು ಬಂದದ್ದೇ ತಡ, ಅವಳ ಮುಖ ಅರಳಿತು. ತೊಡೆಯ ಮೇಲಿನ ಕೂಸು ರುಮಾನಾಳ ಮೂಗು ಒರೆಸಿ ತೋರಿಸಿದಳು. "ನೋಡ್ರಿ ಅಮ್ಮಿ, ಕೂಸಿನ ಮೂಗಿನೊಳಗೂ ಮಸಿ. ನಮ್ಮ ಅಬ್ಬಾನ ಮನ್ಯಾಗ ಹರಿಹರದಲ್ಲಿ ಹಿತ್ತಲಲ್ಲೇ ನಲ್ಲಿ ಇತ್ತು. ಇಲ್ಲಿ ಬಾಡಿಗಿ ಗೋಡಿ, ಬಾಡಿಗಿ ಹೊಗಿ. ಇವಳೂ ಇದೇ ಹೊಗಿ ಕುಡ್ಕಂತ ಬೆಳೀಬೇಕಾ?"

ಮೂರು ತಲೆಮಾರು ಈ ಬಾಡಿಗೆ ಭಟ್ಟಿಯಲ್ಲೇ ಕೆಮ್ಮಿದ್ದವು.

"ಆದ್ರೂ ಅದು ಕೆರಿ," ಎಂದಳು ಮಾಸೂಮಾ.

"ನೀರಿದ್ರೆ ಕೆರಿ," ಎಂದ ಮಗ. "ಈಗ ಖರಾಬು ಜಾಗ. ಅಶ್ವಥ್ ಸಾರೇ ಹೇಳಿದ್ರು."

ಮಂಚದ ಮೇಲೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದ ದಿಲ್ಷಾದ್ ಬೇಗಂ ತಲೆಯೆತ್ತಿದಳು. "ಖರಾಬ್ ಅಂದ್ರೆ ಕೆಟ್ಟಿದ್ದು ಅಂತ ನಮ್ಮ ಮಾತಿನಲ್ಲಿ. ಕೆಟ್ಟ ಜಾಗದಾಗ ಮನಿ ಕಟ್ಟಾಕ ಇಷ್ಟು ಖುಷಿ ಏನೋ?"

"ಅದು ಕಂದಾಯದ ಮಾತು ದಾದಿ. ಹಂಗಂದ್ರೆ ಬೆಳೀ ಬೆಳಿಯಲ್ಲ ಅಂತ."

"ಬೆಳೀ ಬೆಳಿಯಲ್ಲ, ಸೈಟು ಬೆಳೀತೈತೆ. ಆಹಾ!" ಮುದುಕಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. ಕೂಸೂ ನಕ್ಕಿತು. ಹಿದಾಯತ್ ಮಾತ್ರ ನಗಲಿಲ್ಲ. ಕೈ ತೊಳೆದುಕೊಂಡು ಹೇಳಿದ: "ನಾವು ಹಾಕದಿದ್ರ ಪಕ್ಕದೋರು ಹಾಕ್ತಾರೆ. ಸೈಟು ಅವರ ಪಾಲಾಗ್ತೈತೆ. ಮಾಸೂಮಾ, ಸುಮ್ನಿರು."

*

ರಂಜಾನ್ ತಿಂಗಳು ಹುಟ್ಟಿತು. ಯುಗಾದಿಯೂ ಆ ತಿಂಗಳ ಕೊನೆಗೇ ಬಿದ್ದಿದ್ದರಿಂದ ಅಂಗಡಿಯವರು ಮಂಡಕ್ಕಿಗೆ ಮುಗಿಬಿದ್ದರು. ಬಾಯಲ್ಲಿ ಉಗುಳು ನುಂಗದೆ, ಎರಡು ಒಲೆಗಳ ನಡುವೆ ನಿಂತು ಮಾಸೂಮಾ ಉಪ್ಪು ಕಲೆಸುವಳು. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ನುಜತ್ ಗಂಜಿಗೆ ಅಕ್ಕಿ ಬೇಳೆ ತೊಳೆಯುವಳು. ದಿಲ್ಷಾದ್ ಬೇಗಂ ಮಂಚದಲ್ಲೇ ಕೂತು ಖರ್ಜೂರದ ಬೀಜ ಬಿಡಿಸುತ್ತಾ, ಸೂರ್ಯ ಯಾಕೆ ಇಷ್ಟು ನಿಧಾನ ಎಂದು ಬೈಯುವಳು.

ನೀರು ದಿನ ಬಿಟ್ಟು ದಿನ ಎಂದದ್ದು ಮೂರು ದಿನಕ್ಕೊಮ್ಮೆಯಾಯಿತು. ಪೈಪಿನಿಂದ ಬರುವ ಧಾರೆ ಕಿರುಬೆರಳಿನಷ್ಟಾಯಿತು. ಭತ್ತಕ್ಕೆ ಬಿಡಬೇಕೋ, ಬೂದಿಗೆ ಬಿಡಬೇಕೋ?

"ಉಣ್ಣೋ ಭತ್ತಕ್ಕೇ ನೀರಿಲ್ಲ, ಸುರಿಯೋ ಬೂದಿಗೆ ಯಾಕ ಅಮ್ಮಿ?" ಎಂದ ಮುಜಾಹಿದ್, ಟ್ರೈಲರ್ ಹಿಂದಕ್ಕೆ ತರುತ್ತಾ. "ಹೊಲಕ್ಕೆ ಹಾಕೋದಾದ್ರ ಸರಿ, ಪೈರು ಸುಟ್ಟೀತು. ಗುಂಡಿಗೆ ಹಾಕೋ ಬೂದಿ ಬಿಸಿ ಇದ್ರೇನು, ತಣ್ಣಗಿದ್ರೇನು?"

"ಒಂದು ಸಲ ಕುಡಿಸ್ತೀನಿ, ತಡಿ."

"ಟ್ರಿಪ್ಪು ತಪ್ತೈತೆ ಅಮ್ಮಿ. ರೋಜಾ ಬಿಡೋದರೊಳಗೆ ಎರಡು ಹೊಡೀಬೇಕು."

ಮಾಸೂಮಾ ಕೈಯಲ್ಲಿ ಪೈಪು ಹಿಡಿದು ನಿಂತಿದ್ದಳು. ಒಂದು ಕಡೆ ತೊಟ್ಟಿಯಲ್ಲಿ ಅರ್ಧ ಮುಳುಗಿದ ಭತ್ತ. ಮೇಲಿನ ಅರ್ಧ ಒಣಗಿ ಬಿಸಿಲಿಗೆ ಬಿರಿಯುತ್ತಿತ್ತು. ಇನ್ನೊಂದು ಕಡೆ ಬೆಳ್ಳಗೆ ಹರವಿದ ಬೂದಿ. ಅವಳು ಪೈಪನ್ನು ತೊಟ್ಟಿಗೆ ಎಸೆದಳು.

"ತುಂಬ್ಕೊಂಡು ಹೋಗು," ಎಂದಳು.

ಮೊದಲ ದಿನ ಮನಸ್ಸಿಗೆ ಚುಚ್ಚಿತು. ಎರಡನೆಯ ದಿನ ಅಷ್ಟು ಚುಚ್ಚಲಿಲ್ಲ. ಆಮೇಲೆ ಮುಜಾಹಿದ್ ಕೇಳುವುದನ್ನೂ ಬಿಟ್ಟ, ಅವಳು ನೋಡುವುದನ್ನೂ ಬಿಟ್ಟಳು.

*

ಒಂದು ಸಂಜೆ ಮನೆಮಂದಿಯೆಲ್ಲ ಸೈಟು ನೋಡಲು ಹೊರಟರು. ಟ್ರೈಲರಿನಲ್ಲಿ ಗೋಣಿ ಹಾಸಿ ದಿಲ್ಷಾದ್ ಬೇಗಂಳನ್ನೂ ಕೂರಿಸಿಕೊಂಡರು. ಇಫ್ತಾರಿಗೆ ಬುತ್ತಿ ಕಟ್ಟಿದ್ದರು.

ಮಾಸೂಮಾ ಆ ಕಡೆ ಕಾಲಿಟ್ಟು ಎಷ್ಟೋ ತಿಂಗಳಾಗಿತ್ತು. ಜೊಂಡು ಎದೆಮಟ್ಟ ನಿಲ್ಲುತ್ತಿದ್ದ ಜಾಗ ಈಗ ಬೂದುಬಣ್ಣದ ಬಯಲು. ಅಲ್ಲಲ್ಲಿ ಒಡೆದ ಮನೆಗಳ ಗಚ್ಚು, ಯಾರದೋ ಅಡುಗೆಮನೆಯ ನೀಲಿ ಟೈಲ್ಸು, ದೇವರ ಗೂಡಿನ ಅರ್ಧ ಕಮಾನು. ನಡುಮಧ್ಯೆ ಮಾತ್ರ ಒಂದಿಷ್ಟು ನೀರು ಉಳಿದಿತ್ತು. ಬೂದಿಯ ಅಂಚು ಅದರೊಳಕ್ಕೆ ಜಾರಿ, ದಡದ ಸುತ್ತ ಹಾಲಿನ ಕೆನೆಯಂತೆ ಪದರು ಕಟ್ಟಿತ್ತು. ಕೊಕ್ಕರೆಗಳು ಬಂದವು, ಒಂದು ಸುತ್ತು ಹಾಕಿದವು, ಇಳಿಯದೆ ಹರಿಹರದ ಹೊಳೆಯ ಕಡೆ ಹೋದವು.

ಅಶ್ವಥ್ ಬಿಳಿ ಶರ್ಟಿನಲ್ಲಿ ಕಾಯುತ್ತಿದ್ದ. "ಬರ್ರಿ ಬರ್ರಿ. ಇದೇ ನಿಮ್ಮ ಮೂಲೆ. ಈಶಾನ್ಯ ನಿಮಗೆ ಬೇಕಿಲ್ಲ, ಆದ್ರೂ ಈಶಾನ್ಯನೇ ಸಿಕ್ಕೈತೆ," ಎಂದು ನಕ್ಕ.

ನುಜತ್ ಕೂಸನ್ನು ಸೊಂಟಕ್ಕೇರಿಸಿ, ಚಪ್ಪಲಿಯ ತುದಿಯಿಂದ ಗೆರೆ ಎಳೆದಳು. "ಇಲ್ಲಿ ಅಡಿಗಿಮನಿ. ಇಲ್ಲಿ ನಲ್ಲಿ. ದಾದಿ, ನಿಮ್ಮ ಮಂಚ ಇಲ್ಲಿ, ಕಿಟಕಿ ಹತ್ರ."

"ಕಿಟಕಿಯಿಂದ ಏನ್ ಕಾಣ್ತೈತೆ?"

"ಕೆರಿ ಕಾಣ್ತೈತೆ."

"ಅದರ ಮ್ಯಾಲೇ ಕುಂತೀವಲ್ಲೇ!"

ಎಲ್ಲರೂ ನಕ್ಕರು. ಮಾಸೂಮಾಳಿಗೆ ಅಂಗಾಲು ಬೆಚ್ಚಗಾಯಿತು. ಅವಳು ಕಾಲು ಬದಲಿಸಿದಳು. ಇನ್ನೊಂದು ಕಾಲಿಗೂ ಅದೇ ಬಿಸಿ. ಆಚೆ, ಒಣಗಿದ ಜೊಂಡಿನ ಬುಡದಿಂದ ದಾರದ ಎಳೆಯಷ್ಟು ಹೊಗೆ ನೆಟ್ಟಗೆ ಮೇಲೇಳುತ್ತಿತ್ತು.

"ರೀ, ನೆಲ ಸುಡ್ತೈತೆ," ಎಂದಳು ಗಂಡನಿಗೆ, ಮೆಲ್ಲಗೆ.

"ದಿನವಿಡೀ ಬಿಸಿಲು ಕುಡಿದೈತೆ, ಸುಡದೆ ಇರ್ತೈತಾ?"

"ಆ ಹೊಗಿ?"

ಅಶ್ವಥ್‌ನಿಗೆ ಅದು ಕೇಳಿಸಿತು. "ದನಕಾಯೋರು ಬೀಡಿ ಎಸೆದಿರ್ತಾರಮ್ಮ. ಜೊಂಡು ಸುಟ್ಟುಹೋದ್ರೆ ನಮಗೇ ಒಳ್ಳೇದು, ಕೊಯ್ಯೋ ಕೂಲಿ ಉಳೀತು."

ಮಸೀದಿಯ ಬಾಂಗ್ ಕೇಳಿಸಿತು. ಎಲ್ಲರೂ ಖರ್ಜೂರ ಬಾಯಿಗಿಟ್ಟುಕೊಂಡರು. ಮಾಸೂಮಾ ಮಾತ್ರ ಆ ಹೊಗೆಯ ಕಡೆಗೇ ನೋಡುತ್ತಿದ್ದಳು. ಹೊಗೆಯ ವಾಸನೆ ಬೀಡಿಯದಲ್ಲ. ಹುಟ್ಟಿದ ಮನೆಯ ವಾಸನೆಯನ್ನಾದರೂ ಅವಳು ಮರೆತಾಳು, ಇದನ್ನು ಮರೆಯಲಾರಳು.

*

ಮರುವಾರ ನುಜತ್ ಅಡುಗೆಯ ಒಲೆಯ ಮುಂದಿನಿಂದ ಕೂಗಿ ಹೇಳಿದಳು: "ಅಮ್ಮಿ, ಇಲ್ಲಿ ನೋಡ್ರಿ ಬರ್ಕತ್ತು! ಬೇಳೆ ಒಂದೇ ಕುದಿಗೆ ಕರಗಿಹೋಗ್ತೈತೆ. ಗ್ಯಾಸು ಎಷ್ಟು ಉಳೀತು!"

ಮಾಸೂಮಾ ಬಂದು ಸೌಟು ಎತ್ತಿ ನೋಡಿದಳು. ಸೋಡಾ ಹಾಕಿದ ಹಾಗೆ ಬೇಳೆ ಹಿಟ್ಟಾಗಿತ್ತು. ಕೊಡದ ನೀರನ್ನು ಬೆರಳಿಗೆ ಹಚ್ಚಿ ಉಜ್ಜಿದಳು. ಜಾರುತ್ತಿತ್ತು. ಹಿಂದೆಲ್ಲ ಬಟ್ಟೆ ಒಗೆಯಲು ಬೂದಿ ನೀರು ತಿಳಿ ಮಾಡುತ್ತಿದ್ದರಲ್ಲ, ಅದೇ ಜಾರು.

ಅವತ್ತೇ ಮಧ್ಯಾಹ್ನ ಕೆ.ಬಿ. ಬಡಾವಣೆಯ ಗುರುಮೂರ್ತಿ ಆಟೋದಲ್ಲಿ ಮೂಟೆ ವಾಪಸ್ಸು ತಂದ. ಅವನದು ಮೆಣಸಿನಕಾಯಿ ಬಜ್ಜಿ, ಖಾರ ಮಂಡಕ್ಕಿ ಅಂಗಡಿ. ಎಷ್ಟೋ ವರ್ಷದಿಂದ ಇವರದೇ ಮಾಲು.

"ಏನ್ ಸಾಬ್ರೇ, ಅರಿಶಿಣ ಹಾಕಾಕ ಶುರು ಮಾಡೀರಾ? ನಾನು ಒಗ್ಗರಣಿ ಹಾಕೋಕ್ಕಿಂತ ಮುಂಚೇನೇ ಹಳದಿ! ಬಾಯಿಗೆ ಹಾಕಿದ್ರ ಸಾಬೂನು ಸಾಬೂನು. ಗಿರಾಕಿ ನನ್ನ ಮುಖಕ್ಕೇ ಉಗೀತಾರೆ."

ಹಿದಾಯತ್ ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದ. ಮೂಟೆಯನ್ನು ಒಳಕ್ಕೆ ಎಳೆದುಕೊಂಡ.

ಆ ಸಂಜೆ ಗಂಜಿಯ ಬೋಗುಣಿಯ ಸುತ್ತ ಕೂತಾಗ ಮಾಸೂಮಾ ಜಗಳವನ್ನೇ ತೆಗೆದಳು.

"ನಮ್ಮ ಬೂದಿ ಕೆರಿಯಿಂದ ಬಾವಿಗಿಳಿದು ನಮ್ಮ ತೊಟ್ಟಿಗೇ ಬಂತು. ನಾಳೆಯಿಂದ ನಿಲ್ಸು."

"ಬೇವಿನಮರಕ್ಕೆ ಇನ್ನೇನು ಮಾರು ದೂರ ಐತೆ ಅಮ್ಮಿ. ಈಗ ನಿಲ್ಸಿದ್ರ ಸೈಟೂ ಇಲ್ಲ, ಬಾಡಿಗೀನೂ ಇಲ್ಲ."

"ನೀರೇ ಇಲ್ಲದ ಮ್ಯಾಲೆ ಸೈಟಿನಾಗ ಏನ್ ಕುಡೀತಿ?"

"ಟ್ಯಾಂಕರ್ ಬರ್ತೈತೆ. ದಾವಣಗೆರಿ ಅರ್ಧ ಊರು ಟ್ಯಾಂಕರ್ ಕುಡೀತೈತೆ."

"ಟ್ಯಾಂಕರಿಗೆ ನೀರು ಎಲ್ಲಿಂದ ಬರ್ತೈತೋ?"

"ಎಲ್ಲಿಂದಾದ್ರೂ ಬರ್ಲಿ! ನೀವು ಬಾಡಿಗಿ ಗೋಡಿಯೊಳಗೆ ಸಾಯ್ತೀರಾ, ಸಾಯ್ರಿ. ನನ್ನ ಮಗಳು ಸಾಯಬಾರದು," ಎಂದು ಮುಜಾಹಿದ್ ಎದ್ದುಹೋದ. ನುಜತ್ ತಲೆ ತಗ್ಗಿಸಿ ಅಳತೊಡಗಿದಳು.

ಹಿದಾಯತ್ ನಡುವೆ ಬಂದ: "ಹಬ್ಬ ಆಗ್ಲಿ. ಹಬ್ಬ ಆದ ಮ್ಯಾಲೆ ನಿಲ್ಸಾಣ. ಅಷ್ಟರೊಳಗೆ ಮರದ ತನಕ ಆಗ್ತೈತೆ."

ಮಾಸೂಮಾ ಗಂಡನ ಮುಖವನ್ನೇ ನೋಡಿದಳು. ಮನೆಯೊಳಗೆ ಎಲ್ಲರಿಗೂ ಸರಿಹೋಗುವ ಮಾತು ಅದೊಂದೇ ಇತ್ತು. ಅವಳೂ ಅದನ್ನು ನುಂಗಿಕೊಂಡಳು.

*

ಹಬ್ಬ ಬರಲಿಲ್ಲ, ಓಬವ್ವ ಬಂದಳು.

ನಡುಮಧ್ಯಾಹ್ನ ಟ್ರ್ಯಾಕ್ಟರು ಖಾಲಿ ಟ್ರೈಲರಿನ ಸದ್ದು ಮಾಡುತ್ತಾ ಹುಚ್ಚು ಹಿಡಿದಂತೆ ಅಂಗಳಕ್ಕೆ ನುಗ್ಗಿತು. ಟ್ರೈಲರಿನಲ್ಲಿ ಮಾರಪ್ಪನ ಹೆಂಡತಿ ಓಬವ್ವ ಮಲಗಿದ್ದಳು. ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ಮುಜಾಹಿದ್‌ನ ಎರಡೂ ಅಂಗೈ ಕೆಂಪಗೆ ಬೊಬ್ಬೆ ಎದ್ದಿದ್ದವು.

"ಎಮ್ಮಿ ಹಿಂದೆ ಬಂದಿದ್ಲು ಅಮ್ಮಿ. ಎಮ್ಮಿ ಜಿಗಿದು ಆಚೆ ಹೋತು. ಇವಳ ಕಾಲು ಕುಸೀತು. ಮ್ಯಾಲೆ ನೆಲ ಇದ್ದಂಗೆ ಇತ್ತು. ಒಳಗೆ... ಒಳಗೆಲ್ಲಾ..."

ಅವನು ಮುಂದೆ ಹೇಳಲಿಲ್ಲ. ಆಟೋ ಸಿಕ್ಕಿತು. ಆಸ್ಪತ್ರೆಯ ದಾರಿಯುದ್ದಕ್ಕೂ ಮಾಸೂಮಾ ಓಬವ್ವಳ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮೊಣಕಾಲಿನ ಕೆಳಗೆ ನೋಡಲಾಗುತ್ತಿರಲಿಲ್ಲ. ಸೀರೆಯ ಅಂಚಿಗೆ, ಪಾದಗಳ ಸುತ್ತ, ಬಿಳೀ ಬೂದಿ ಅಂಟಿತ್ತು. ಹೊಟ್ಟಿನ ಬೂದಿ ಸುಟ್ಟರೂ ಆಕಾರ ಬಿಡುವುದಿಲ್ಲ. ಒಂದೊಂದು ಸಿಪ್ಪೆಯೂ ದೋಣಿಯ ಹಾಗೆ ಹಾಗೇ ಇರುತ್ತದೆ. ಯಾವ ರೈತನಾದರೂ ನೋಡಿದರೆ ಇದು ಭತ್ತದ್ದು, ಭಟ್ಟಿಯದು ಎಂದು ಹೇಳುತ್ತಾನೆ. ಮಾಸೂಮಾ ತನ್ನ ಸೆರಗಿನಿಂದ ಅದನ್ನು ಮೆಲ್ಲಗೆ ಕೊಡವಿದಳು. ನೋವಾಗದ ಹಾಗೆ, ಅಂಚಿನದ್ದು, ಬೆರಳ ಸಂದಿಯದ್ದು. ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಹೋಗಿತ್ತು.

ಮಾರಪ್ಪ ಓಡಿಬಂದಾಗ ವಾರ್ಡಿನ ಹೊರಗೆ ಮುಜಾಹಿದ್ ಕೈಗೆ ಬಟ್ಟೆ ಸುತ್ತಿಸಿಕೊಂಡು ಕೂತಿದ್ದ. ಮಾರಪ್ಪ ಆ ಸುತ್ತಿದ ಕೈಗಳನ್ನು ಎತ್ತಿ ಹಣೆಗೆ ಒತ್ತಿಕೊಂಡ.

"ನೀನಿಲ್ಲದಿದ್ರ ಆಕಿನ ನಾನು ಬೂದ್ಯಾಗೇ ಹುಡುಕಬೇಕಿತ್ತು ತಮ್ಮಾ. ಯಾವ ಪಾಪಿಗಳೋ ಇಟ್ಟಿಗೆ ಭಟ್ಟಿ ಬೂದಿ ಸುರದಾರಂತೆ. ನಿನ್ನ ಋಣ ಹೆಂಗೆ ತೀರಿಸಲಿ?"

ಮುಜಾಹಿದ್ ತಾಯಿಯ ಕಡೆ ನೋಡಿದ. ಮಾಸೂಮಾ ಗೋಡೆಯ ಕಡೆ ನೋಡಿದಳು.

*

ಮಾರಪ್ಪ ಋಣ ತೀರಿಸಲು ಮರುದಿನವೇ ಶುರುಮಾಡಿದ. ತನ್ನ ಗದ್ದೆಗೆ ಬಿಡುತ್ತಿದ್ದ ನೀರನ್ನೂ ಭಟ್ಟಿಯ ಪೈಪಿಗೇ ತಿರುಗಿಸಿದ. ತೊಟ್ಟಿ ತುಂಬಿ ಸುರಿಯಿತು. ಜಾರುವ, ಬೂದಿ ವಾಸನೆಯ ನೀರು. ಆದರೂ ನೀರು.

"ಅವನ ಭತ್ತ ಒಣಗ್ತೈತೆ," ಎಂದಳು ಮಾಸೂಮಾ.

"ನಾವು ಕೇಳಿದ್ವಾ?" ಎಂದ ಹಿದಾಯತ್. "ನಮ್ಮ ಹುಡುಗ ಬೆಂಕಿಯೊಳಗೆ ಕೈ ಹಾಕಿ ಎಳದಾನ. ಅದು ಸುಳ್ಳಲ್ಲಲ್ಲ?"

"ಬೆಂಕಿ ಯಾರದು?"

"ಬಾಯಿ ಮುಚ್ಚು. ಪೊಲೀಸ್ ಕೇಸಾದ್ರ ಒಳಗೆ ಹೋಗೋನು ಅಶ್ವಥ್ ಅಲ್ಲ, ನಿನ್ನ ಮಗ."

ಮುಜಾಹಿದ್ ಟ್ರ್ಯಾಕ್ಟರ್ ಹತ್ತುವುದನ್ನು ಬಿಟ್ಟಿದ್ದ. ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ನುಜತ್ ಅವನಿಗೆ ತುತ್ತು ಮಾಡಿ ಉಣಿಸುತ್ತಿದ್ದಳು. ಸೈಟಿನ ಮಾತು ಯಾರೂ ಎತ್ತುತ್ತಿರಲಿಲ್ಲ. ಕೆರೆಯ ಕಡೆ ಹೊಗೆ ಈಗ ಒಂದೆಳೆಯಲ್ಲ, ಹತ್ತಾರು ಕಡೆ. ಅಗ್ನಿಶಾಮಕದವರು ಬಂದು ನೀರು ಬಿಟ್ಟರು. ಮೇಲೆ ಆರಿತು, ಮರುದಿನ ಆಚೆ ಎದ್ದಿತು. ಒಂದು ಬೆಳಿಗ್ಗೆ ನೋಡಿದರೆ ಆ ಬೇವಿನಮರ ಬುಡ ಸುಟ್ಟು, ಹಸಿರೆಲೆ ಹೊತ್ತುಕೊಂಡೇ ಅಡ್ಡ ಬಿದ್ದಿತ್ತು.

"ಹಬ್ಬ ಹತ್ರ ಬಂತು," ಎಂದಳು ದಿಲ್ಷಾದ್ ಬೇಗಂ ಮಾಸೂಮಾಳಿಗೆ, ಒಂದು ದಿನ ಇಬ್ಬರೇ ಇದ್ದಾಗ. "ಅಲ್ಲಾಹ್ ತನ್ನ ಬಾಕಿ ಮಾಫ್ ಮಾಡ್ತಾನೆ. ಮನುಷ್ಯರ ಬಾಕಿ ಅವನ ಕೈಯಾಗೂ ಇಲ್ಲ. ಅದನ್ನ ಆ ಮನುಷ್ಯರ ಬಾಗಿಲಿಗೇ ಹೋಗಿ ಕೇಳಬೇಕು."

"ಮಗ ಒಳಗೆ ಹೋದ್ರ ಅಮ್ಮಾ?"

ಮುದುಕಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ನನಗ ಹೇಳಾಕ ಬರಲ್ಲ," ಎಂದಳು.

*

ಯುಗಾದಿಯ ದಿನ ಮಾಸೂಮಾ ಬುರ್ಖಾ ಹಾಕಿಕೊಂಡು ಹೊರಟಳು. ಓಬವ್ವಳನ್ನು ಆಸ್ಪತ್ರೆಯಿಂದ ಕೊಕ್ಕನೂರಿಗೆ, ಮಗಳು ಪುಷ್ಪಲತಾಳ ಮನೆಗೆ ಒಯ್ದಿದ್ದರು. ಹಿದಾಯತ್ ಬಾಗಿಲಿಗೆ ಅಡ್ಡ ನಿಂತ. ಆಮೇಲೆ ಏನು ಅನಿಸಿತೋ, ಒಳಗೆ ಹೋಗಿ ಹಬ್ಬದ ಬಟ್ಟೆಗೆ ಎಂದು ಇಟ್ಟಿದ್ದ ದುಡ್ಡನ್ನೆಲ್ಲ ತಂದು ಅವಳ ಕೈಗಿಟ್ಟ. "ಔಷಧಿಗೆ ಅಂತ ಕೊಡು. ಬ್ಯಾರೆ ಏನೂ ಮಾತಾಡಬ್ಯಾಡ."

ಹರಿಹರದಲ್ಲಿ ಬಸ್ಸು ಬದಲಿಸಿದಳು. ಸೇತುವೆಯ ಕೆಳಗೆ ಹೊಳೆ ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಮಡುವಾಗಿ ನಿಂತಿತ್ತು.

ಕೊಕ್ಕನೂರಿನ ಆ ಮನೆಯ ಬಾಗಿಲಿಗೆ ಮಾವಿನ ತೋರಣ, ಒಳಗೆ ಹೋಳಿಗೆಯ ವಾಸನೆ. ಪಡಸಾಲೆಯಲ್ಲಿ ಓಬವ್ವ ಮಂಚದ ಮೇಲೆ, ಕಾಲಿಗೆ ಮೊಣಕಾಲ ತನಕ ಬಿಳೀ ಬಟ್ಟೆ.

"ಬಾ ತಂಗೀ, ಕೂಡು," ಎಂದಳು ಓಬವ್ವ. "ಪುಷ್ಪಾ, ಮಾಸೂಮಕ್ಕಗ ಹೋಳಿಗಿ... ಅಯ್ಯೋ, ಒಪ್ಪತ್ತು ಇರ್ತೀರಲ್ಲ ನೀವು. ಕಟ್ಟಿಕೊಡು, ರಾತ್ರಿ ಉಣ್ತಾಳೆ."

ಮಾರಪ್ಪ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ. "ಹುಡುಗನ ಕೈ ಹೆಂಗೈತಕ್ಕ? ನೀರು ಬರ್ತೈತಾ?"

ಮಾಸೂಮಾ ನೆಲದ ಮೇಲೆ ಕೂತಳು. ಎಷ್ಟು ಜೋಡಿಸಿಕೊಂಡು ಬಂದಿದ್ದರೂ ಮಾತು ಒಂದೇ ಏಟಿಗೆ ಹೊರಬಿತ್ತು.

"ಅದು ಇಟ್ಟಿಗೆ ಭಟ್ಟಿ ಬೂದಿ ಅಲ್ಲ ಮಾರಣ್ಣ. ನಮ್ಮದು. ಎರಡೂ ಒಲಿ ಉರೀತಿದ್ವು. ನನ್ನ ಮಗನೇ ಹೊತ್ತ. ನೀರು ಕುಡಿಸದೆ ಕಳಿಸಿದಾಕಿ ನಾನು. ಓಬಕ್ಕನ ಕಾಲಿಂದ ಅದನ್ನ ಒರೆಸಿ ಹಾಕಿದಾಕೀನೂ ನಾನೇ."

ಪುಷ್ಪಲತಾ ಒಳಗಿನಿಂದ ಲಟ್ಟಣಿಗೆ ಹಿಡಿದೇ ಹೊರಬಂದಳು.

"ನಮ್ಮ ಬಾವಿ ನೀರು ಕುಡದು ನಮ್ಮವ್ವನ ಕಾಲು ಸುಟ್ರಾ? ಎದ್ದು ಹೋಗ್ರಿ ಮೊದ್ಲು! ಅಪ್ಪಾ, ಕೇಸು ಕೊಡು. ಇವತ್ತೇ ಕೊಡು!"

"ಸುಮ್ನಿರೇ," ಎಂದಳು ಓಬವ್ವ. ಅವಳು ಮಾಸೂಮಾಳನ್ನೇ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ಗುರುತು ಸಿಗದವರನ್ನು ನೋಡುವ ಹಾಗೆ. "ಎರಡು ಸಲ ಕುಡಿಸ್ತಿದ್ರಲ್ಲವಾ ನೀವು," ಎಂದಳು. "ನಾನು ಎಲ್ಲರ ಮುಂದೂ ಹೇಳ್ತಿದ್ದೆ."

ಮಾಸೂಮಾ ದುಡ್ಡಿನ ಗಂಟು ಬಿಚ್ಚಿ ಮಾರಪ್ಪನ ಮುಂದೆ ಇಟ್ಟಳು. "ಔಷಧಿಗೆ. ಇನ್ನೂ ಕೊಡ್ತೀವಿ. ಟ್ರ್ಯಾಕ್ಟರು ಮಾರಿಯಾದ್ರೂ ಕೊಡ್ತೀವಿ. ಕೇಸು ಕೊಡೋದಾದ್ರ ನನ್ನ ಹೆಸರು ಬರ್ಸು ಮಾರಣ್ಣ, ಹುಡುಗಂದು ಬ್ಯಾಡ. ಮಾಫ್ ಮಾಡು."

ಮಾರಪ್ಪ ಗಂಟನ್ನು ನೋಡಿದ, ಮುಟ್ಟಲಿಲ್ಲ. ಬಾಗಿಲಿನ ಕಂಬಕ್ಕೆ ಒರಗಿ ನಿಂತ.

"ಬೆಂಕಿ ಏರಿ ಬುಡಕ್ಕೆ ಬಂದೈತೆ, ಗೊತ್ತೈತಾ? ಜೊಂಡಿನ ಬೇರು ಹಿಡಿದು ನೆಲದೊಳಗೇ ನಡೀತಾ ಐತೆ. ಮಳಿ ಬಂದ್ರೂ ಆರ್ತೈತೋ ಇಲ್ಲೋ ಅಂತಾರೆ. ಏರಿ ಕುಸಿದ್ರ ನಾಳೆ ಬರೋ ನೀರು ಎಲ್ಲಿ ನಿಲ್ಲಬೇಕು?" ಅವನ ದನಿ ಏರಲಿಲ್ಲ. "ಕೇಸು ಕೊಡಲ್ಲ. ನಿನ್ನ ಮಗನ ಸುಟ್ಟ ಕೈ ನಾನು ಕಂಡೀನಿ."

"ಹಂಗಾದ್ರ ಇದನ್ನಾದ್ರೂ ತಗೋ."

"ಬ್ಯಾಡ."

"ಮಾರಣ್ಣ..."

"ತಗಂಡ್ರ ತೀರಿಹೋಗ್ತೈತೆ ಮಾಸೂಮಕ್ಕ. ನೀವು ಹೋಗಿ ಹಬ್ಬ ಮಾಡ್ತೀರಿ, ಮತ್ತೊಬ್ಬರ ಕೆರಿ ನೋಡ್ತೀರಿ. ತೀರಬಾರದು ಅದು. ಇರ್ಲಿ." ಅವನು ಬಾಗಿ ಗಂಟನ್ನು ಎತ್ತಿ ಅವಳ ಮಡಿಲಿಗೇ ಇಟ್ಟ. "ನೀರೂ ನಿಲ್ಸಲ್ಲ. ಬಾವ್ಯಾಗ ಇರೋ ತನಕ ಬಿಡ್ತೀನಿ. ಎಷ್ಟು ಬಂದ್ರೂ ತುಂಬ್ಕೊಳ್ರಿ."

ಪುಷ್ಪಲತಾ ಹೋಳಿಗೆ ಕಟ್ಟಿಕೊಡಲಿಲ್ಲ. ಯಾರೂ ಅದನ್ನು ಕೇಳಲೂ ಇಲ್ಲ.

*

ಮಾಸೂಮಾ ಮನೆ ಮುಟ್ಟುವಾಗ ಹೊತ್ತು ಮುಳುಗಲು ಇನ್ನೂ ಒಂದಿಷ್ಟಿತ್ತು. ಪಡುವಣದ ಬಿಸಿಲು ಹೊಗೆಯೊಳಗೆ ಸಿಕ್ಕಿ ಕೆರೆಯ ಮೇಲೆ ಕೆಂಪಗೆ ಹರವಿತ್ತು. ಅಂಗಳದಲ್ಲಿ ಹಿದಾಯತ್, ಮುಜಾಹಿದ್, ನುಜತ್ ಮೂವರೂ ನಿಂತಿದ್ದರು. ದಾರಿ ಕಾಯುತ್ತಿದ್ದರೆಂದು ನೋಡಿದರೆ ತಿಳಿಯುತ್ತಿತ್ತು.

"ಹೇಳ್ಬಿಟ್ಟಿಯಾ?" ಎಂದ ಹಿದಾಯತ್.

"ಹೇಳ್ದೆ."

"ಕೇಸು?"

"ಇಲ್ಲ."

ಹಿದಾಯತ್ ಉಸಿರು ಬಿಟ್ಟ. ನುಜತ್ ಎದೆಯ ಮೇಲೆ ಕೈ ಇಟ್ಟುಕೊಂಡಳು. ಮುಜಾಹಿದ್ ಮಾತ್ರ ತಾಯಿಯ ಬಾಯನ್ನೇ ನೋಡುತ್ತಿದ್ದ.

"ದುಡ್ಡು ತಗಂಡ್ನಾ ಅಮ್ಮಿ?"

ಅವಳು ಗಂಟನ್ನು ಮಗನ ಸುಟ್ಟ ಕೈಗಳ ನಡುವೆ ಇಟ್ಟಳು. ಅವನಿಗೆ ಹಿಡಿಯಲು ಆಗಲಿಲ್ಲ. ಗಂಟು ಜಾರಿ ನೆಲಕ್ಕೆ ಬಿತ್ತು. ಯಾರೂ ಬಗ್ಗಿ ಎತ್ತಿಕೊಳ್ಳಲಿಲ್ಲ.

"ಹಂಗಾದ್ರ?" ಎಂದ ಹಿದಾಯತ್.

"ಬಾಕಿ," ಎಂದಳು ಮಾಸೂಮಾ, ಮತ್ತು ಕಾಲು ತೊಳೆಯದೆ ಒಳಗೆ ಹೋದಳು.